ಕನ್ನಡಕದವರ ವಿಶ್ರಾಂತಿ

ಆ ಬೀದಿಯಲ್ಲಿ ಎಲ್ಲರೂ ಅವರನ್ನು ಕನ್ನಡಕದವರು ಎಂದೇ ಕರೆಯುತ್ತಿದ್ದರು. ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ, ಬಸ್ಸಿನ ಸೀಟಿನಲ್ಲಿ ಇಬ್ಬರು ದಢೂತಿಗಳ ಮಧ್ಯೆ ಒತ್ತರಿಸಿಕೊಂಡು ಕೂತ ಬಡಕಲು ಮನುಷ್ಯನ ಹಾಗೆ, ಅವರ ಅಂಗಡಿ ಇತ್ತು. ಒಳಗೆ ಒಂದು ಗಾಜಿನ ಮೇಜು, ಗೋಡೆ ತುಂಬ ಫ್ರೇಮುಗಳು, ಆಚೆ ತುದಿಯಲ್ಲಿ ಮೇಲಿಂದ ಕೆಳಕ್ಕೆ ಸಣ್ಣದಾಗುತ್ತ ಹೋಗುವ ಅಕ್ಷರಗಳ ಹಲಗೆ, ಪರದೆಯ ಹಿಂದೆ ಗ್ಲಾಸಿನ ಅಂಚು ಉಜ್ಜುವ ಯಂತ್ರ. ಕೆಲಸವೆಲ್ಲ ಸಾಸಿವೆ ಗಾತ್ರದ ಸ್ಕ್ರೂಗಳದ್ದು, ಉಸಿರು ಬಿಗಿಹಿಡಿದು ಮಾಡಬೇಕಾದದ್ದು. ಇಂಥ ಕೆಲಸಕ್ಕೆ ದೇವರು ಎಂಥವರನ್ನು ಆರಿಸಿದ ಎಂದರೆ, ಹಲ್ಲುಜ್ಜುವಾಗಲೂ ಮನೆಯೆಲ್ಲ ಒಂದು ಸುತ್ತು ಹಾಕಿ ಬರುವವರನ್ನು.

ಅಂಗಡಿಯಲ್ಲಿ ಎರಡು ಕುರ್ಚಿಗಳಿದ್ದವು. ಎರಡೂ ಗಿರಾಕಿಗಳವೇ. ಕನ್ನಡಕದವರು ಕೂತದ್ದನ್ನು ಕಂಡವರಿರಲಿಲ್ಲ. ಸ್ಕ್ರೂ ಬಿಗಿಯುವಾಗ ಅವರ ಕೈ ಅಲ್ಲಾಡುತ್ತಿರಲಿಲ್ಲ ನಿಜ, ಆದರೆ ಕೈಯ ಪಾಲಿನ ಚಡಪಡಿಕೆಯನ್ನೂ ಸೇರಿಸಿಕೊಂಡು ಕಾಲು ಅಲ್ಲಾಡುತ್ತಿತ್ತು. ಸಿನಿಮಾಕ್ಕೆ ಹೋದರೆ ಸಾಲಿನ ತುದಿಯ ಸೀಟೇ ಆಗಬೇಕು. ಸಿನಿಮಾದ ಕಥೆ ಅವರಿಗೆ ಎಂದೂ ಪೂರ್ತಿ ಗೊತ್ತಾಗುತ್ತಿರಲಿಲ್ಲ, ಆ ಥಿಯೇಟರಿನ ವರಾಂಡ ಮಾತ್ರ ಮೂಲೆಮೂಲೆಯೂ ಗೊತ್ತು.

ಅವರ ಹೆಂಡತಿ ಗ್ರಂಥಾಲಯದಲ್ಲಿ ಅಧಿಕಾರಿ. ವಾರವೆಲ್ಲ ಜನರಿಗೆ 'ಶ್' ಅನ್ನುವುದೇ ಉದ್ಯೋಗ. ಆಕೆಯ ಒಂದು 'ಶ್'ಗೆ ಓದುವ ಕೋಣೆಯ ಫ್ಯಾನು ಕೂಡ ಮೆಲ್ಲಗೆ ತಿರುಗುತ್ತದೆ ಎನ್ನುವ ಖ್ಯಾತಿ ಇತ್ತು. ಮನೆಯಲ್ಲಿ ಅದಕ್ಕೆ ಯಾವ ಬೆಲೆಯೂ ಇರಲಿಲ್ಲ. ಮೂರನೆಯವರು ಆಕೆಯ ತಾಯಿ. ಅವರು ಅಳಿಯನನ್ನು ಎದುರಿಗೆ "ಅಳಿಯಂದಿರೇ" ಎಂದೂ, ಬೆನ್ನ ಹಿಂದೆ "ನಿನ್ನ ಬುಗುರಿ" ಎಂದೂ ಕರೆಯುತ್ತಿದ್ದರು. "ನಿನ್ನ ಬುಗುರಿ ಊಟಕ್ಕೆ ಬಂತೇನೇ?" ಎಂದು ಮಗಳನ್ನು ಕೇಳಿದ್ದು ಎಷ್ಟೋ ಸಲ ಬುಗುರಿಗೇ ಕೇಳಿಸಿದ್ದುಂಟು.

ಅವರು ಓಡಲು ಶುರುಮಾಡಿದ್ದು ಗಿರಾಕಿಯೊಬ್ಬರ ಮರೆವಿನಿಂದ. ವಯಸ್ಸಾದ ಹೆಂಗಸೊಬ್ಬರು ಹೊಸ ಕನ್ನಡಕ ಹಾಕಿ ನೋಡಿ, ಬಾಯ್ತುಂಬ ಹೊಗಳಿ, ಅದನ್ನು ಮೇಜಿನ ಮೇಲೇ ಬಿಟ್ಟು, ಹಳೆಯದನ್ನು ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತಿಬಿಟ್ಟರು. ಕನ್ನಡಕದವರು ಡಬ್ಬಿ ಹಿಡಿದು ಬಸ್ಸಿನ ಹಿಂದೆ ಬಿದ್ದರು. ಮೊದಲ ನಿಲ್ದಾಣದಲ್ಲಿ ಸಿಗಲಿಲ್ಲ. ಮುಂದಿನದರಲ್ಲಿ ಕೈಗೆ ಸಿಕ್ಕಂತಾಗಿ ತಪ್ಪಿಹೋಯಿತು. ಅದರಾಚೆಯದರಲ್ಲಿ, ಬೆವರು ಸುರಿಯುತ್ತ, ಕಿಟಕಿಯೊಳಗೆ ಡಬ್ಬಿ ಚಾಚಿದಾಗ ಆ ತಾಯಿ ಕಣ್ಣು ಕಿರಿದು ಮಾಡಿಕೊಂಡು, "ಯಾರಪ್ಪ ನೀನು? ನನಗೇನೂ ಬೇಡ, ಹೋಗು" ಎಂದರು. ಪಾಪ, ಕನ್ನಡಕವಿಲ್ಲದೆ ಅವರಿಗೆ ಕನ್ನಡಕದವರ ಗುರುತೇ ಹತ್ತಿರಲಿಲ್ಲ.

ವಾಪಸು ನಡೆದು ಬರುವಾಗ ಅವರಿಗೆ ಒಂದು ವಿಚಿತ್ರ ಹೊಳೆಯಿತು. ಓಡಿದಷ್ಟು ಹೊತ್ತೂ ತಲೆಯೊಳಗೆ ಸದ್ದಿರಲಿಲ್ಲ. ಯಂತ್ರದ ಸ್ವಿಚ್ಚು ಆರಿಸಿದೆನೋ ಇಲ್ಲವೋ, ನಿನ್ನೆ ಬಂದವರ ಎಡಗಣ್ಣಿನ ಗ್ಲಾಸು ಬಲಕ್ಕೆ ಹೋಯಿತೋ ಏನೋ ಎಂದು ಇಡೀ ದಿನ ಕುಟ್ಟುವ ಸುತ್ತಿಗೆ ಬಾಯಿ ಮುಚ್ಚಿಕೊಂಡಿತ್ತು. ಹೊರಗೆ ಕಾಲು ಓಡುವಾಗ ಒಳಗೆ ಯಾರೋ ಕಡೆಗೂ ಒಂದು ಕುರ್ಚಿ ಎಳೆದುಕೊಂಡು ಕೂತಿದ್ದರು. ನಡುವಯಸ್ಸಿಗೆ ಬಂದ ಮೇಲೆ ಅವರಿಗೆ ಮೊದಲ ಸಲ ಕೂತಂತಾಗಿತ್ತು, ಅದೂ ಓಡುತ್ತ.

ಆ ವಾರವೇ ಬೂಟು ಕೊಂಡರು. ಮೈದಾನದಲ್ಲಿ ಬೆಳಗಿನ ಹೊತ್ತು ಓಡುವವರ ಗುಂಪೊಂದಿತ್ತು. ಅದರ ಮುಖ್ಯಸ್ಥರು ಶಾಲೆಯಿಂದ ನಿವೃತ್ತರಾದ ಡ್ರಿಲ್ ಮೇಷ್ಟ್ರು. ಕತ್ತಿನಲ್ಲಿ ಸೀಟಿ ಇಲ್ಲದಿದ್ದರೆ ಬಟ್ಟೆ ಇಲ್ಲದಷ್ಟು ಮುಜುಗರಪಡುವವರು. ಅವರ ಕೈಕೆಳಗೆ ಕನ್ನಡಕದವರು ಮೈದಾನದ ಸುತ್ತಿನಿಂದ ರಸ್ತೆಗೆ, ರಸ್ತೆಯಿಂದ ಊರಾಚೆಯ ಹೆದ್ದಾರಿಗೆ ಬಡ್ತಿ ಪಡೆದರು. ಭಾನುವಾರವೆಂದರೆ ದೂರದ ಓಟ. ಬೀದಿದೀಪಗಳು ಆರುವ ಹೊತ್ತು, ಶಟರು ಮುಚ್ಚಿದ ಅಂಗಡಿಗಳು, ರಸ್ತೆಯೆಲ್ಲ ತಮ್ಮದೇ. ಪಕ್ಕದವರ ಉಸಿರು, ಬೂಟಿನ ಸದ್ದು, ಬಿಟ್ಟರೆ ಏನೂ ಇಲ್ಲ. ಬಸ್ ಡಿಪೋದ ಗೋಡೆ ದಾಟುವ ಹೊತ್ತಿಗೆ ಒಳಗಿನ ಮನುಷ್ಯ ಕುರ್ಚಿ ಎಳೆದುಕೊಳ್ಳುತ್ತಿದ್ದ. ಸಕ್ಕರೆ ಕಾರ್ಖಾನೆ ಬರುವಷ್ಟರಲ್ಲಿ ಕಾಲು ಚಾಚಿ ಒರಗಿಬಿಡುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಕನ್ನಡಕದವರು ತಿಳಿದವರಾಗಿಬಿಟ್ಟರು. ಕಣ್ಣು ತೋರಿಸಲು ಬಂದವರ ಮಂಡಿ ವಿಚಾರಿಸತೊಡಗಿದರು. "ಮೂರನೇ ಸಾಲು ಓದಿ... ಸರಿ. ಹಿಮ್ಮಡಿ ಊರಿ ನಡೀತೀರೋ, ಮುಂಗಾಲಲ್ಲೋ?" ಎಂದು ಕೇಳುವರು. ನೀರನ್ನು ಕುಡಿಯುವುದು ಬಿಟ್ಟು 'ತೆಗೆದುಕೊಳ್ಳಲು' ಶುರುಮಾಡಿದರು. ಓಟದವರು, ನಡೆಯುವವರು, ಉಳಿದ ಬಡಪಾಯಿಗಳು ಎಂದು ಮನುಷ್ಯರಲ್ಲಿ ಜಾತಿ ಮಾಡಿದರು. ಅಕ್ಷರದ ಹಲಗೆ ಓದಲು ಬಂದ ನಿವೃತ್ತ ಎಂಜಿನಿಯರರೊಬ್ಬರು, "ಸ್ವಾಮಿ, ನನಗೆ ಕಣ್ಣು ಮಾತ್ರ ಮಂಜು, ಕಾಲು ನೆಟ್ಟಗಿದೆ" ಎಂದು ರೇಗಿ ಎದ್ದು ಹೋಗಿ, ಎರಡು ಬೀದಿ ಆಚೆ ಕನ್ನಡಕ ಮಾಡಿಸಿಕೊಂಡರು.

ಆದರೆ ಈ ತಿಳಿದವರು ನಲವತ್ತೆರಡು ಕಿಲೋಮೀಟರಿನ ಓಟವನ್ನು ಒಮ್ಮೆಯೂ ಮುಗಿಸಿರಲಿಲ್ಲ. ಊರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಓಟಕ್ಕೆ ಎರಡು ಸಲ ಹೋಗಿ ಎರಡು ಸಲವೂ ಅರ್ಧಕ್ಕೆ ಮಲಗಿದ್ದರು. ತೊಂದರೆ ಇದ್ದದ್ದು ಕಾಲಿನಲ್ಲಲ್ಲ, ಶುರುವಿನಲ್ಲಿ. ಜನ ಚಪ್ಪಾಳೆ ತಟ್ಟಿದ ಕೂಡಲೇ ಅವರು ಹಗ್ಗ ಬಿಚ್ಚಿದ ಕರು. ಯಾರಾದರೂ ಪಕ್ಕದಲ್ಲಿ ಹಾದು ಮುಂದೆ ಹೋದರಂತೂ ಮುಗಿಯಿತು, ಅವರನ್ನು ಹಿಂದಿಕ್ಕುವ ತನಕ ಅನ್ನ ನೀರು ರುಚಿಸದು. "ಮೆಲ್ಲಗಪ್ಪಾ, ಮೆಲ್ಲಗೆ" ಎಂದು ಮೇಷ್ಟ್ರು ಸೀಟಿ ಊದಿದ್ದೇ ಬಂತು. ಎರಡು ಸಲವೂ ಅರ್ಧ ದಾರಿಯಲ್ಲಿ ಗಂಟಲ ಪಸೆ ಆರಿ, ಹಿಂದುಳಿದವರನ್ನು ಬಾಚಿಕೊಂಡು ಬರುವ ವ್ಯಾನು ಹತ್ತಿ ವಾಪಸಾದರು. ಎರಡನೆಯ ಸಲ ಡ್ರೈವರನೇ ಬಾಗಿಲು ತೆರೆದು, "ಬನ್ನಿ ಸಾರ್, ಹೋದ ಸಲ ಕೂತಿದ್ದ ಸೀಟೇ ಖಾಲಿ ಇದೆ, ಕಿಟಕಿ ಪಕ್ಕದ್ದು" ಎಂದಿದ್ದ.

ಆ ಸಂಜೆಯೇ ಹೆಂಡತಿ ಮಾತು ಎತ್ತಿದ್ದು. ಆಕೆಗೆ ರಜ ಇರುವುದು ಭಾನುವಾರ ಒಂದೇ ದಿನ. ಗಂಡ ಕತ್ತಲಲ್ಲೇ ಎದ್ದು ಹೋದರೆ ಬಿಸಿಲೇರಿದ ಮೇಲೆ ಬಂದು, ಸೋಫಾದ ಮೇಲೆ ಒಣಗಲು ಹಾಕಿದ ಬಟ್ಟೆಯಂತೆ ಬಿದ್ದಿರುತ್ತಿದ್ದರು.

"ನನಗೇನು ಸಿಂಹಾಸನ ಬೇಡ," ಎಂದಳು ಆಕೆ. "ವಾರಕ್ಕೊಂದು ಬೆಳಿಗ್ಗೆ, ಎದುರುಬದುರು ಕೂತು, ಒಂದು ಲೋಟ ಕಾಫಿ. ಅಷ್ಟೇ. ಅದಕ್ಕೂ ಬರಗಾಲ ಈ ಮನೇಲಿ."

ಕನ್ನಡಕದವರ ಅಭಿಮಾನ ಕೆರಳಿತು. ವ್ಯಾನಿನ ಕಿಟಕಿ ಪಕ್ಕದ ಸೀಟು ಇನ್ನೂ ಬೆನ್ನಿಗೆ ಅಂಟಿಕೊಂಡಂತಿತ್ತು. ಅತ್ತೆ ಕೇಳಿಸಿಕೊಳ್ಳುತ್ತಿದ್ದಾರೆ, ಮೇಷ್ಟ್ರೂ ಓಟದ ಗುಂಪಿನವರೂ ಸಮಾಧಾನ ಹೇಳಲು ಬಂದು ನಡುಮನೆಯಲ್ಲಿ ಕೂತಿದ್ದಾರೆ. ಇವರು ಎದ್ದು ನಿಂತರು, ನಿಂತೇ ಇದ್ದರು ಅನ್ನಿ, ಎದೆ ಸೆಟೆಸಿ ಘೋಷಿಸಿದರು: "ಬರೋ ವರ್ಷ ಮುಗಿಸ್ತೀನಿ. ಮುಗಿಸಲಿಲ್ಲ ಅಂದ್ರೆ ಭಾನುವಾರಗಳೆಲ್ಲ ನಿನ್ನವು. ಬೂಟನ್ನ ಅಟ್ಟಕ್ಕೆ ಎಸೀತೀನಿ!"

"ಎಲ್ಲ ಭಾನುವಾರಾನಾ?"

"ಎಲ್ಲ! ಸಾಯೋವರೆಗೂ!"

"ಮೇಷ್ಟ್ರೇ, ನೀವು ಸಾಕ್ಷಿ," ಎಂದಳು ಆಕೆ ತಣ್ಣಗೆ.

ಮಾತು ಬಾಯಿಂದ ಬಿದ್ದ ಮೇಲೆ ಅವರಿಗೆ ಅದರ ಬೆಲೆ ಹೊಳೆಯಿತು. ಭಾನುವಾರ ಹೋಯಿತೆಂದರೆ ಒಳಗಿನವನ ಕುರ್ಚಿ ಹೋಯಿತು. ಆದರೆ ಅಷ್ಟು ಜನರ ಮುಂದೆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

ಆ ವರ್ಷ ಅವರು ಬೆವರು ಸುರಿಸಿದರು. ಮಳೆಯಲ್ಲಿ ಓಡಿದರು, ಸೆಕೆಯಲ್ಲಿ ಓಡಿದರು, ಅಂಗಡಿಗೆ ತಡವಾಗಿ ಓಡಿ ಬಂದರು. ಓಟ ಹತ್ತಿರವಾದಾಗ ಮೇಷ್ಟ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದರು: "ಇನ್ನು ಎರಡು ವಾರ ಬಾಕಿ. ಇನ್ನು ಓಡಿ ಸಂಪಾದಿಸೋದು ಏನೂ ಇಲ್ಲ. ಕಾಲಿಗೆ ವಿಶ್ರಾಂತಿ ಕೊಡಬೇಕು. ಉಳಿದವರು ಸ್ವಲ್ಪ ಸ್ವಲ್ಪ ಓಡಬಹುದು." ಆಮೇಲೆ ಕನ್ನಡಕದವರ ಕಡೆಗೆ ತಿರುಗಿ, "ನೀನು ಮಾತ್ರ ಒಂದು ಹೆಜ್ಜೆಯೂ ಓಡಬೇಡ. ನಿನಗೆ ಸ್ವಲ್ಪ ಅನ್ನೋದು ಗೊತ್ತಿಲ್ಲ. ಮಾತು ಕೊಡು."

"ಕೊಟ್ಟೆ ಸಾರ್. ಒಂದು ಹೆಜ್ಜೆಯೂ ಇಲ್ಲ."

ಆ ಮಾತನ್ನು ಅವರು ಅಕ್ಷರಶಃ ನಡೆಸಿಕೊಟ್ಟರು. ಅನಾಹುತ ಶುರುವಾದದ್ದೇ ಅಲ್ಲಿಂದ.

ಮೊದಲ ದಿನ ಬೆಳಿಗ್ಗೆ ಎಂದಿನಂತೆ ಕತ್ತಲಲ್ಲೇ ಎಚ್ಚರವಾಯಿತು. ಓಡುವಂತಿಲ್ಲ. ಮಲಗಲು ಬಾರದು. ಎದ್ದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಎತ್ತರದ ಪ್ರಕಾರ ಜೋಡಿಸಿದರು. ಹೆಂಡತಿ ಬಂದು ಸಕ್ಕರೆ ಎಂದುಕೊಂಡು ಉಪ್ಪು ಹಾಕಿದ ಕಾಫಿ ಕುಡಿದಳು. ಎರಡನೆಯ ದಿನ ಕಿರುಗುಟ್ಟುವ ಬಾಗಿಲುಗಳಿಗೆಲ್ಲ ಎಣ್ಣೆ ಬಿಟ್ಟರು. ಬಾಗಿಲ ಸದ್ದು ನಿಂತು, ಅಳಿಯ ಯಾವಾಗ ಕೋಣೆಗೆ ಬಂದರೆಂದು ತಿಳಿಯದೆ ಅತ್ತೆ ಮೂರು ಸಲ ಬೆಚ್ಚಿಬಿದ್ದರು. ಅಂಗಡಿಯಲ್ಲಿ ಏಣಿ ಹಾಕಿ ಗೋಡೆಯ ಫ್ರೇಮುಗಳನ್ನೆಲ್ಲ ಕೆಳಗಿಳಿಸಿ ಬಣ್ಣದ ಪ್ರಕಾರ ಇಟ್ಟರು. ಮಾರನೆಯ ದಿನ ಅದು ಸರಿಕಾಣದೆ ಮತ್ತೆ ಇಳಿಸಿ ಆಕಾರದ ಪ್ರಕಾರ ಇಟ್ಟರು. ಏಣಿ ಹತ್ತಿದ್ದು, ಇಳಿದದ್ದು, ಮತ್ತೆ ಹತ್ತಿದ್ದು ಯಾವುದೂ ಓಟದ ಲೆಕ್ಕಕ್ಕೆ ಸೇರಲಿಲ್ಲ. ಸಂಜೆ ಮೇಷ್ಟ್ರಿಗೆ ಫೋನು: "ಒಂದು ಹೆಜ್ಜೆಯೂ ಓಡಿಲ್ಲ ಸಾರ್!"

"ಭೇಷ್. ಹಾಗೇ ಇರು."

ಎರಡನೆಯ ವಾರಕ್ಕೆ ಮನೆಯಲ್ಲಿ ಕೆಲಸ ಖಾಲಿಯಾಗುತ್ತ ಬಂತು. ಆಗ ಅವರ ಕಣ್ಣು ದೊಡ್ಡ ಬೀರುವಿನ ಮೇಲೆ ಬಿತ್ತು.

"ಇದು ಈ ಕೋಣೆಯಲ್ಲಿ ಇರಬಾರದು. ಆ ಕೋಣೆಗೆ ಹೋದ್ರೆ ಗಾಳಿ ಆಡತ್ತೆ."

"ಅದು ನನ್ನ ಮದುವೆಯಾದಾಗಿನಿಂದ ಅಲ್ಲೇ ಇದೆ," ಎಂದಳು ಹೆಂಡತಿ, ಪುಸ್ತಕದಿಂದ ತಲೆ ಎತ್ತದೆ. "ಗಾಳಿ ಇಷ್ಟು ವರ್ಷ ಆಡೇ ಇದೆ."

"ನೀನು ಕೂತಿರು, ನಾನೊಬ್ಬನೇ ಸಾಕು."

ಬೀರು ಆ ಕೋಣೆಗೆ ಹೋಯಿತು. ಅಲ್ಲಿ ಕಿಟಕಿಗೆ ಅಡ್ಡವಾಯಿತು. ವಾಪಸು ಬಂತು. ಆಮೇಲೆ ಮಾಳಿಗೆಯ ನೀರಿನ ಟ್ಯಾಂಕಿಗೆ ಇಳಿದು ತಿಕ್ಕಿದರು. ಗೇಟಿಗೆ ಬಣ್ಣ ಬಳಿದರು. ಅಟ್ಟ ಹತ್ತಿ ಹಳೆಯ ಸಾಮಾನುಗಳನ್ನೆಲ್ಲ ನಡುಮನೆಗೆ ಇಳಿಸಿ, ಇದು ಯಾಕೆ, ಅದು ಯಾರದು ಎಂದು ಒಂದೊಂದಕ್ಕೂ ವಿಚಾರಣೆ ನಡೆಸಿ, ಒಂದನ್ನೂ ಬಿಸಾಡದೆ ಎಲ್ಲವನ್ನೂ ಮತ್ತೆ ಅಟ್ಟಕ್ಕೇರಿಸಿದರು. ಅತ್ತೆ ಮಧ್ಯಾಹ್ನದ ನಿದ್ದೆಗೆಂದು ಮಗ್ಗುಲಾದರೆ ಸರಿಯಾಗಿ ಅವರ ತಲೆಯ ಮೇಲೇ ಪೆಟ್ಟಿಗೆ ಎಳೆದ ಸದ್ದು. ಟೀವಿ ಹಾಕಿಕೊಂಡರೆ ಅಳಿಯ ಟೀವಿಯ ಹಿಂದೆ ನಿಂತು ವೈರು ಸರಿಮಾಡುತ್ತಿರುತ್ತಾರೆ.

"ಏನೇ ಇದು, ಅಂಡು ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಸುತ್ತೋದು?" ಎಂದು ಅತ್ತೆ ಮಗಳ ಕಿವಿಯಲ್ಲಿ ಪಿಸುಗುಟ್ಟಿದರು. "ಇದಕ್ಕೆ ವಿಶ್ರಾಂತಿ ಅಂತಾರಾ? ಹಾಗಾದ್ರೆ ಕೆಲಸ ಅಂದ್ರೆ ಏನು?"

"ಶ್, ಅಮ್ಮಾ. ಇನ್ನು ನಾಲ್ಕೇ ದಿನ."

"ನಾಲ್ಕು ದಿನ ನಾನು ಉಳೀಬೇಕಲ್ಲ!"

ಆ ಎರಡು ವಾರಗಳ ನಡುವೆ ಬಂದ ಭಾನುವಾರ ಹೆಂಡತಿಗೆ ಕೇಳಿದ ಕಾಫಿ ಸಿಕ್ಕಿತು. ಎದುರುಬದುರು ಕೂತರು. ಕನ್ನಡಕದವರು ಮೇಜಿನ ಕೆಳಗೆ ಮೊಣಕಾಲು ಕುಣಿಸುತ್ತ, ಲೋಟ ಎತ್ತುವಷ್ಟರಲ್ಲಿ ಎದ್ದು ಕ್ಯಾಲೆಂಡರು ನೇರ ಮಾಡಿ ಬಂದರು. ಕೂತು, ಮತ್ತೆ ಎದ್ದು, ಈಗ ಸರಿಯಾಯಿತೇ ಎಂದು ದೂರದಿಂದ ನೋಡಿ ಬಂದರು. ಆಕೆ ತನ್ನ ಕಾಫಿಯನ್ನೂ, ತಟ್ಟೆಗೆ ಚೆಲ್ಲಿದ ಅವರ ಕಾಫಿಯನ್ನೂ ದೀರ್ಘಕಾಲ ನೋಡುತ್ತ ಕೂತಿದ್ದಳು. ಏನೋ ಲೆಕ್ಕ ಹಾಕುವವಳ ಮುಖ. ಏನೆಂದು ಅವರು ಕೇಳಲಿಲ್ಲ. ಕೇಳುವಷ್ಟು ಹೊತ್ತು ಅವರು ಅಲ್ಲಿ ಇರಲೂ ಇಲ್ಲ.

ಓಟದ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಅವರಿಗೆ ಅನುಮಾನ ಬಂತು. ಬೆನ್ನು ಬೀರುವಿನ ತೂಕ ಇನ್ನೂ ಹೊತ್ತಂತಿತ್ತು. ಏಣಿ ಹತ್ತಿ ಇಳಿದ ಮೀನಖಂಡಗಳಲ್ಲಿ ಯಾರೋ ಮರಳು ತುಂಬಿ ಹೊಲಿದಂತಿತ್ತು. ಸಾಲಿನಲ್ಲಿ ನಿಂತರು. ಗಂಟೆ ಹೊಡೆಯಿತು, ಚಪ್ಪಾಳೆ ಎದ್ದಿತು, ಜನ ನುಗ್ಗಿದರು. ಕನ್ನಡಕದವರೂ ಎಂದಿನಂತೆ ನುಗ್ಗಲು ಹೊರಟರು. ಮನಸ್ಸು ನುಗ್ಗಿತು. ಕಾಲು ಬರಲಿಲ್ಲ.

ಎಲ್ಲರೂ ಅವರನ್ನು ಹಿಂದಿಕ್ಕಿದರು. ಹಳದಿ ಟೋಪಿಯ ಅಜ್ಜಿಯೊಬ್ಬರು ಹಿಂದಿಕ್ಕಿದರು. ದಾರಿಯುದ್ದಕ್ಕೂ ಫೋನಿನಲ್ಲಿ ಜಗಳವಾಡುತ್ತ ಓಡುತ್ತಿದ್ದವನೊಬ್ಬ ಜಗಳ ನಿಲ್ಲಿಸದೆಯೇ ಹಿಂದಿಕ್ಕಿದ. ಒಬ್ಬೊಬ್ಬರು ಮುಂದೆ ಹೋದಾಗಲೂ ಇವರು ಕತ್ತು ಮುಂದೆ ಚಾಚುತ್ತಿದ್ದರು. ಓಡಿ ಹಿಡಿಯೋಣವೆಂದರೆ ಮರಳು ಮೂಟೆ ಬಿಡಬೇಕಲ್ಲ.

ಅರ್ಧ ದಾರಿಯಲ್ಲಿ, ಎರಡು ಸಲವೂ ಅವರು ಮಲಗಿದ್ದ ಜಾಗದಲ್ಲೇ, ಡ್ರಿಲ್ ಮೇಷ್ಟ್ರು ಕಾದಿದ್ದರು. ಕೈಯಲ್ಲಿ ಗ್ಲೂಕೋಸು, ಮುಖದಲ್ಲಿ ಚಿಂತೆ. ಇವರು ಎಮ್ಮೆಯ ಗಾಂಭೀರ್ಯದಿಂದ ಬರುತ್ತಿರುವುದನ್ನು ಕಂಡು ಅವರ ಕಣ್ಣು ತುಂಬಿ ಬಂತು.

"ಭೇಷ್! ಇದಪ್ಪಾ ಶಿಸ್ತು! ಇಷ್ಟು ವರ್ಷದಲ್ಲಿ ಒಬ್ಬ ಶಿಷ್ಯನಾದ್ರೂ ನನ್ನ ಮಾತು ಕೇಳಿ ಮೆಲ್ಲಗೆ ಶುರು ಮಾಡಿದ್ನಲ್ಲ!"

"ತಾಳ್ಮೆ ಸಾರ್," ಎಂದರು ಕನ್ನಡಕದವರು, ಏದುಸಿರಿನ ನಡುವೆಯೂ ಹುಬ್ಬು ಮೇಲೆತ್ತಿ. "ಎಲ್ಲ ತಾಳ್ಮೆ."

ಆದರೆ ಅವರಿಗೇ ಆಶ್ಚರ್ಯವಾಗುವಂತೆ, ಮಲಗುವ ಜಾಗದಲ್ಲಿ ಅವರು ಮಲಗಲಿಲ್ಲ. ಓಡುವ ತಾಕತ್ತಿಲ್ಲದೆ ಉಳಿತಾಯವಾದ ಉಸಿರು ಈಗ ಕೈಗೆ ಬಂದಿತ್ತು. ಮೊದಲು ನುಗ್ಗಿದವರೆಲ್ಲ ರಸ್ತೆ ಬದಿಯಲ್ಲಿ ಸೊಂಟ ಹಿಡಿದು ನಿಂತಿದ್ದರು. ಫೋನಿನವನ ಜಗಳ ಮುಗಿದಿತ್ತು, ಅವನೂ ಮುಗಿದಿದ್ದ. ಡಿಪೋದ ಗೋಡೆ ಬಂತು. ಒಳಗಿನವನು ಕುರ್ಚಿ ಎಳೆದುಕೊಂಡ. ಬಿಸಿಲು, ಟಾರಿನ ವಾಸನೆ, ತಮ್ಮದೇ ಬೂಟಿನ ಸದ್ದು. ಏನೂ ಬೇಡ, ಎಲ್ಲಿಗೂ ಹೋಗಬೇಕಿಲ್ಲ ಅನ್ನಿಸಿತು. ಒಬ್ಬ ಮನುಷ್ಯ ಎಲ್ಲಿಗೋ ಓಡುತ್ತಲೇ ಎಲ್ಲಿಗೂ ಹೋಗಬೇಕಿಲ್ಲ ಎಂದುಕೊಳ್ಳುವುದು ಹೊರಗಿನವರಿಗೆ ಹುಚ್ಚಿನಂತೆ ಕಾಣಬಹುದು. ಅವರಿಗೆ ಅದೊಂದೇ ಸ್ವಸ್ಥವಾದ ಗಳಿಗೆ.

ಆ ಗಳಿಗೆ ರೈಲ್ವೆ ಮೇಲ್ಸೇತುವೆಯ ಬುಡದವರೆಗೆ ಬಂತು. ಅಲ್ಲಿಂದ ರಸ್ತೆ ಮೇಲಕ್ಕೆದ್ದಿತು. ಇವರ ಓಟದ ಇತಿಹಾಸದಲ್ಲಿ ಕಾಲು ಇಷ್ಟು ದೂರ ಬಂದದ್ದೇ ಇಲ್ಲ. ಏರು ಕಂಡದ್ದೇ ಏಣಿಗಳೆಲ್ಲ ಒಟ್ಟಿಗೆ ನೆನಪಾದವು. ಮೀನಖಂಡ ಕಲ್ಲಾಯಿತು. ಸೇತುವೆಯ ಕಟ್ಟೆ ಹಿಡಿದು ಮೆಲ್ಲಗೆ ಕೂತರು. ಕೂತೇಬಿಟ್ಟರು.

ಹಿಂದಿನಿಂದ ವ್ಯಾನು ಬಂದು ನಿಂತಿತು. "ನಮಸ್ಕಾರ ಸಾರ್," ಎಂದ ಡ್ರೈವರು ಹಳೆಯ ನೆಂಟನ ದನಿಯಲ್ಲಿ. "ಈ ಸಲ ಬಹಳ ದೂರ ಬಂದ್ರಿ. ಕಿಟಕಿ ಸೀಟು ಇಟ್ಟಿದೀನಿ."

"ಒಂದು ನಿಮಿಷ," ಎಂದರು ಕನ್ನಡಕದವರು.

ಕೂತಲ್ಲೇ ಅವರ ತಲೆಯೊಳಗಿನ ಸುತ್ತಿಗೆ ಮತ್ತೆ ಎದ್ದಿತ್ತು. ಬೀರು. ಅಟ್ಟ. ಟ್ಯಾಂಕು. ಇಷ್ಟೆಲ್ಲ ಮಾಡುವಾಗ ಹೆಂಡತಿ ಒಂದು ಸಲವಾದರೂ ಕೈ ಹಿಡಿದು ತಡೆದಳೇ? ಇಲ್ಲ. ಪುಸ್ತಕದಿಂದ ತಲೆಯನ್ನೂ ಎತ್ತಲಿಲ್ಲ. ಭಾನುವಾರ ಕಾಫಿಯ ಮುಂದೆ ಅದೇನು ಲೆಕ್ಕ ಹಾಕುತ್ತಿದ್ದಳು? ಹೊಳೆಯಿತು. ಭಾನುವಾರಗಳನ್ನು ಗೆದ್ದುಕೊಳ್ಳಲು ಇವಳೇ ನನ್ನ ಕಾಲು ಮುರಿಸಿದಳು! ಗ್ರಂಥಾಲಯದಲ್ಲಿ ಕೂತು ಎಂಥೆಂಥ ಕಥೆ ಓದಿರುತ್ತಾಳೋ!

ಆಗಲೇ ಸೇತುವೆಯ ಆ ಕಡೆಯಿಂದ ಒಂದು ಸ್ಕೂಟರು ಇಳಿದು ಬಂತು. ಮುಂದೆ ಹೆಂಡತಿ, ಹಿಂದೆ ಅತ್ತೆ. ಅತ್ತೆಯ ತೊಡೆಯ ಮೇಲೆ ನೀರಿನ ಕೊಡದಷ್ಟು ದೊಡ್ಡ ಫ್ಲಾಸ್ಕು. ಮುಗಿಯುವ ಜಾಗದಲ್ಲಿ ಕಾದು ಕಾದು ಹುಡುಕಿಕೊಂಡು ಬಂದಿದ್ದರು.

"ರೀ, ಇಲ್ಲೇನು ಕೂತಿದೀರಿ?"

"ಬಾ," ಎಂದರು ಇವರು, ತ್ಯಾಗಿಯ ದನಿಯಲ್ಲಿ. "ನೀನೇ ಗೆದ್ದೆ. ಅಟ್ಟ ಹತ್ತಿಸಿ, ಬೀರು ಎತ್ತಿಸಿ, ಗೆದ್ದೆ. ತಗೋ ನಿನ್ನ ಭಾನುವಾರ. ಎಲ್ಲ ಭಾನುವಾರ. ನನ್ನ ಮಾತು ಮಾತೇ. ಇವತ್ತಿಂದ ಮನೇಲೇ ಇರ್ತೀನಿ."

ಆಕೆಯ ಮುಖದ ಬಣ್ಣ ಇಳಿಯಿತು. "ಯಾರು ಹತ್ತಿಸಿದ್ದು? ಏಣಿ ತಂದೋರು ನೀವು! ಮೂರು ಸಲ ಬೇಡ ಅಂದೆ, ನಿಮಗೆ ಕೇಳಿಸಿದ್ರೆ ತಾನೆ!" ಸ್ಕೂಟರಿನ ಸ್ಟ್ಯಾಂಡು ಹಾಕಿ ಎದುರಿಗೆ ಬಂದು ನಿಂತಳು. "ನೋಡಿ, ನಾನು ಭಾನುವಾರ ಕೇಳಿದ್ದು ನಿಮ್ಮನ್ನ ಮನೇಲಿ ನೋಡೋಕೆ ಮುಂಚೆ. ಈಗ ನೋಡಾಯ್ತು. ನನಗೆ ಬೇಡ."

"ಏನು ಬೇಡ?"

"ನಿಮ್ಮ ಭಾನುವಾರ! ಯಾರಿಗ್ರೀ ಬೇಕು? ನೀವು ಈ ಓಟ ಮುಗಿಸಲಿಲ್ಲ ಅಂದ್ರೆ ವಾರವಾರವೂ ಅದೇ ಬೀರು, ಅದೇ ಅಟ್ಟ. ಸಾಯೋವರೆಗೂ ಅಂತ ಬೇರೆ ಹೇಳಿದೀರಿ, ಅಷ್ಟು ಜನರ ಮುಂದೆ! ಏಳಿ ಮೊದಲು!"

ಅತ್ತೆ ಫ್ಲಾಸ್ಕು ತಬ್ಬಿಕೊಂಡು ಇಳಿದು ಬಂದರು. "ಅಳಿಯಂದಿರೇ, ನಾನು ನಿಮಗೆ ಇಷ್ಟು ವರ್ಷದಲ್ಲಿ ಏನೂ ಕೇಳಿದವಳಲ್ಲ. ಒಂದು ಮಧ್ಯಾಹ್ನದ ನಿದ್ದೆ ಕೇಳ್ತಿದೀನಿ. ದಮ್ಮಯ್ಯ, ಓಡಿ."

ವ್ಯಾನಿನ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ಕೇಳಿಸಿಕೊಳ್ಳುತ್ತಿದ್ದ. "ಸಾರ್, ಸೀಟು..."

"ಸೀಟು ನೀನೇ ಇಟ್ಕೊಳಪ್ಪಾ!" ಎಂದಳು ಹೆಂಡತಿ. ಗ್ರಂಥಾಲಯದ ಗೋಡೆಗಳು ಎಂದೂ ಕೇಳದ ದನಿ. ಡ್ರೈವರು ತಲೆ ಒಳಗೆಳೆದುಕೊಂಡ.

ಆ ಕ್ಷಣದಲ್ಲಿ ಕನ್ನಡಕದವರಿಗೆ ಏನನ್ನಿಸಿತು ಎಂದು ಹೇಳುವುದು ಕಷ್ಟ. ತಾವು ಮನೆಯಲ್ಲಿರುವುದು ಯಾರಿಗೂ ಬೇಡವೆಂದು ನಡುಬೀದಿಯಲ್ಲಿ, ಎದೆಯ ಮೇಲೆ ಅಂಕಿ ಅಂಟಿಸಿಕೊಂಡು ಕೂತಾಗ ತಿಳಿದರೆ ಯಾರಿಗಾದರೂ ಕುಟುಕೀತು. ಅವರಿಗೂ ಕುಟುಕಿತು. ಹಿಂದೆಯೇ ನಗುವೂ ಬಂತು. ಇಷ್ಟು ದಿನ ತಾವೊಬ್ಬರೇ ಹೊತ್ತು ಓಡುತ್ತಿದ್ದ ಈ ಚಡಪಡಿಕೆಯ ಇನ್ನೊಂದು ತುದಿಯನ್ನು ಇಬ್ಬರು ಹೆಂಗಸರು ಮನೆಯಲ್ಲಿ ಹಿಡಿದುಕೊಂಡಿದ್ದರು, ಬಾಯಿ ಬಿಡದೆ. ಫ್ಲಾಸ್ಕಿನ ನೀರು ಗಟಗಟ ಕುಡಿದರು. 'ತೆಗೆದುಕೊಳ್ಳಲಿಲ್ಲ'. ಸೇತುವೆಯ ಕಟ್ಟೆ ಹಿಡಿದು ಎದ್ದರು.

ಏರನ್ನು ನಡೆದೇ ಹತ್ತಿದರು. ಇಳಿಜಾರಿನಲ್ಲಿ ಓಟದಂಥದ್ದೇನೋ ಬಂತು. ಸ್ಕೂಟರು ಪಕ್ಕದಲ್ಲೇ ಗುರುಗುಡುತ್ತ ಬರುತ್ತಿತ್ತು. ನಿಧಾನವಾದಾಗಲೆಲ್ಲ ಅತ್ತೆ ಹಿಂದಿನ ಸೀಟಿನಿಂದ ಒಂದೇ ಮಾತು ಹೇಳುವರು: "ಅಟ್ಟ!" ಕನ್ನಡಕದವರ ಕಾಲು ಚುರುಕಾಗುತ್ತಿತ್ತು.

ಮೈದಾನ ಕಣ್ಣಿಗೆ ಬಿದ್ದಾಗ ಮೈಕಿನಲ್ಲಿ ವಂದನಾರ್ಪಣೆ ನಡೆಯುತ್ತಿತ್ತು. ನಿಗದಿಯಾದ ಸಮಯ ಮುಗಿಯಿತು, ಎಲ್ಲರಿಗೂ ಧನ್ಯವಾದ ಎನ್ನುತ್ತಿದ್ದರು. ಮುಕ್ತಾಯದ ಗೆರೆಯ ಮೇಲೆ ಗಾಳಿ ತುಂಬಿ ನಿಲ್ಲಿಸಿದ್ದ ದೊಡ್ಡ ಕಮಾನಿನ ಮೋಟಾರನ್ನು ಯಾರೋ ಆಗಲೇ ಆರಿಸಿದ್ದರು. ಅದು ಕುಡಿದವನ ಹಾಗೆ ಒಂದು ಕಡೆಗೆ ವಾಲಿ, ನಿಟ್ಟುಸಿರು ಬಿಡುತ್ತ ಕುಸಿಯುತ್ತಿತ್ತು. ಕನ್ನಡಕದವರು ತಲೆ ಬಗ್ಗಿಸಿ, ಸೊಂಟ ಬಗ್ಗಿಸಿ, ಕಡೆಗೆ ಹೆಚ್ಚು ಕಡಿಮೆ ಅಂಬೆಗಾಲಿಟ್ಟು ಅದರ ಕೆಳಗೆ ನುಸುಳಿದರು. ಅವರು ಆಚೆ ಬಂದ ಮೇಲೆ ಕಮಾನು ಪೂರ್ತಿ ಮಲಗಿತು.

ಡ್ರಿಲ್ ಮೇಷ್ಟ್ರು ಓಡಿ ಬಂದು ತಬ್ಬಿಕೊಂಡರು. ಆಮೇಲೆ ವೃತ್ತಿಧರ್ಮ ನೆನಪಾಗಿ ಕೈಗಡಿಯಾರ ನೋಡಿ ತಲೆ ಕೆರೆದುಕೊಂಡರು. "ಆದ್ರೆ ನಿಯಮದ ಪ್ರಕಾರ ನೋಡಿದ್ರೆ, ಸಮಯ ಆಗಿಹೋಗಿ ಸ್ವಲ್ಪ..."

"ಮೇಷ್ಟ್ರೇ," ಎಂದಳು ಹೆಂಡತಿ. "ಪಂದ್ಯ ಇದ್ದದ್ದು ನನಗೂ ಅವರಿಗೂ. ಮುಗಿಸ್ತೀನಿ ಅಂದ್ರು, ಮುಗಿಸಿದ್ರು. ಎಷ್ಟು ಹೊತ್ತಿಗೆ ಅಂತ ಮಾತಾಗಿರಲಿಲ್ಲ. ನೀವು ಸಾಕ್ಷಿ ಮಾತ್ರ. ಶ್!"

ಮೇಷ್ಟ್ರು ಸೀಟಿ ಕಚ್ಚಿಕೊಂಡು ಸುಮ್ಮನಾದರು. ಕನ್ನಡಕದವರು ಹುಲ್ಲಿನ ಮೇಲೆ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದರು. ಭಾನುವಾರಗಳು ಉಳಿದಿದ್ದವು. ಸ್ವಲ್ಪ ಹೊತ್ತಿನ ಮೇಲೆ, ಶಿಷ್ಯನ ಕಾಲು ನೀವುತ್ತ ಮೇಷ್ಟ್ರು ತಮ್ಮ ಅಧಿಕಾರ ಇನ್ನೂ ನಡೆಯುವ ವಿಷಯಕ್ಕೆ ಬಂದರು: "ಇನ್ನು ಮೂರು ವಾರ ಓಟದ ಹೆಸರೆತ್ತಬೇಡ. ಸಂಪೂರ್ಣ ವಿಶ್ರಾಂತಿ."

ಅತ್ತೆಯ ಕೈಯಿಂದ ಫ್ಲಾಸ್ಕಿನ ಮುಚ್ಚಳ ಬಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಎದುರುಬದುರು ಕೂತಿದ್ದರು. ಏಣಿಯನ್ನು ಹಿಂದಿನ ದಿನವೇ ಪಕ್ಕದ ಮನೆಗೆ ಸಾಗಿಸಲಾಗಿತ್ತು. ಅತ್ತೆಯ ಕೋಣೆಯ ಬಾಗಿಲು ಒಳಗಿನಿಂದ ಭದ್ರವಾಗಿತ್ತು. ಕಾಫಿ ಬಂತು. ಮೇಜಿನ ಕೆಳಗೆ ಕನ್ನಡಕದವರ ಮೊಣಕಾಲು ಕುಣಿಯಲು ಶುರುವಾಯಿತು. ಲೋಟಗಳು ತಟ್ಟೆಯಲ್ಲಿ ಸಣ್ಣಗೆ ಕಿಣಿಗುಟ್ಟಿದವು. ಕ್ಯಾಲೆಂಡರು ಮತ್ತೆ ಸೊಟ್ಟಗಾಗಿತ್ತು, ಅವರ ಕಣ್ಣು ಅತ್ತ ಹೋಯಿತು.

ಹೆಂಡತಿ ತನ್ನ ಪಾದವನ್ನು ಅವರ ಪಾದದ ಮೇಲೆ ಒತ್ತಿ ಇಟ್ಟಳು. ಕಿಣಿಕಿಣಿ ನಿಂತಿತು. ಆಕೆ ಲೋಟ ಎತ್ತಿ, ಆತುರವಿಲ್ಲದೆ, ಗುಟುಕು ಗುಟುಕಾಗಿ ಕಾಫಿ ಕುಡಿದಳು. ಕನ್ನಡಕದವರು ಕ್ಯಾಲೆಂಡರನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡುತ್ತ, ಹಲ್ಲು ಕಚ್ಚಿ ಕೂತಿದ್ದರು. ಸೇತುವೆಯ ಏರಿಗಿಂತ ಇದು ಕಷ್ಟ ಅನ್ನಿಸಿತು. ಆದರೂ ಕೂತರು. ಕಡೆಯ ಗುಟುಕು ಮುಗಿದ ಮೇಲೆ ಆಕೆ ಲೋಟ ಇಟ್ಟು, ಪಾದ ತೆಗೆದಳು.

"ಹೋಗಿ," ಎಂದಳು. "ಕ್ಯಾಲೆಂಡರು ಮಾತ್ರ. ಬೀರುವಿನ ಹತ್ತಿರ ಸುಳಿದ್ರೆ ನೋಡಿ!"